ಎರಡು ಡಿಸ್ಕು ಮತ್ತು ಶಿವಬಸವ್ವನ ಪದಗಳು

ಭಾಗ್ಯಶ್ರೀ ಕೆಲಗೇರಿಗೆ ಬಂದಾಗ ನಾನು ದ್ರಾಕ್ಷಾಯಿಣಿ ಅಕ್ಕನವರ ಕಟ್ಟೆಯ ಮೇಲೆ ಕುಳಿತು ಬಿತ್ತನೆಯ ಕಡಲೆ ಹಸನು ಮಾಡುತ್ತಿದ್ದೆ. ಅಕ್ಕನವರು ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ನಮ್ಮ ಪಕ್ಕದ ಮನೆಗೆ ಬಂದ ಮೇಲೆ, ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಅವರ ಬಾಗಿಲಿಗೆ ಬರುವುದು ರೂಢಿಯಾಗಿತ್ತು. ಅವರಿಗೆ ಗಾಡಿ ನಡೆಸಲು ಬಾರದು. ನನಗೋ ಎಮ್ಮೆ ಹಿಂಡಿದ ಮೇಲೆ ಅಂಥ ಅವಸರವಿರುತ್ತಿರಲಿಲ್ಲ. ಹೀಗಾಗಿ ನನ್ನ ಹಳೆಯ ಸ್ಕೂಟರು ಇಬ್ಬರನ್ನೂ ಹೊತ್ತು ಅನೇಕ ಊರು ಕಂಡಿತ್ತು.

ಕೊಟ್ಟ ನೀರನ್ನೂ ಹುಡುಗಿ ಕುಡಿಯಲಿಲ್ಲ.

"ಅಕ್ಕಾರ, ನನ್ನ ಕಂಪ್ಯೂಟರಿನ್ಯಾಗಿನ ಹಾಡು ಯಾರೋ ಕದ್ದಾರ್ರಿ."

"ಪೆಟ್ಟಿಗಿ ಐತಿ, ಹಾಡು ಇಲ್ಲ?"

"ಹೌದ್ರಿ. ಚಾಲೂನೂ ಆಗತೈತಿ. ಒಳಗ ಒಂದು ಪದಾನೂ ಇಲ್ಲ. ಹೊಸಾದು ತಂದಂಗ ಖಾಲಿ. ಮತ್ತ ಮೊದಲಿನಂಗ ಲಗೂ ಓಡಂಗಿಲ್ಲ, ತೂಕಡಸತೈತಿ."

ಅಮ್ಮಿನಬಾವಿಯ ಕಾಳು ವ್ಯಾಪಾರಿಗಳ ಮನೆಯ ಹುಡುಗಿ ಅವಳು, ವಿಶ್ವವಿದ್ಯಾಲಯದಲ್ಲಿ ಜನಪದ ಹಾಡುಗಳ ಅಭ್ಯಾಸ ಮಾಡುತ್ತಿದ್ದಳು. ಊರಿನ ಶಿವಬಸವ್ವ ಎಂಬ ಮುದುಕಿ ಬೀಸುಕಲ್ಲಿನ ಮುಂದೆ ಹೇಳುತ್ತಿದ್ದ ಪದಗಳನ್ನೆಲ್ಲ ಟೇಪಿನಲ್ಲಿ ಹಿಡಿದು ಕಂಪ್ಯೂಟರಿಗೆ ಇಳಿಸಿದ್ದಳು. ಕ್ಯಾಸೆಟ್ಟು ಕೊಳ್ಳುವುದು ಉಳಿಯಲೆಂದು ಒಂದರ ಮೇಲೆ ಇನ್ನೊಂದು ತುಂಬಿಸಿದ್ದರಿಂದ ಟೇಪಿನಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ಮುದುಕಿಗೆ ಗಂಟಲ ಶಸ್ತ್ರಚಿಕಿತ್ಸೆಯಾಗಿ ದನಿಯೇ ಹೋಯಿತು. ಪಿಸುಗುಡಬಲ್ಲಳು, ಹಾಡಲಾರಳು.

"ಆಕಿ ಧ್ವನಿ ಜಗತ್ತಿನ್ಯಾಗ ಅದೊಂದ ಕಡೆ ಇತ್ತರಿ," ಎಂದು ಭಾಗ್ಯಶ್ರೀ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಯಾರ ಮ್ಯಾಲ ಸಂಶೆ?"

"ಮಜೀದಣ್ಣನ ಮ್ಯಾಲ ನಮ್ಮಣ್ಣಗ ಸಂಶೆ. ಅಂವ ರಿಪೇರಿ ಮಾಡಾಂವ. ಸೋಮವಾರ ಬಂದು ಒಳಗಿನ ಧೂಳ ಹೊಡದು ಹೋದ. ಅವ್ವಗ ವಿನೋದನ ಮ್ಯಾಲ. ನನ್ನ ಜೋಡಿ ಅಭ್ಯಾಸ ಮಾಡಾಂವ ಅಂವ. ಮಂಗಳವಾರ ಮನಿಗೆ ಬಂದಿದ್ದ. ಬುಧವಾರ ನೋಡಿದ್ರ ಹಾಡಿಲ್ಲ."

"ನಿನಗ?"

"ಈಗ ಎಲ್ಲಾರ ಮುಖಾನೂ ಒಂದ ನಮೂನಿ ಕಾಣಾಕತ್ತಾವ್ರಿ," ಎಂದಳು.

ಅಕ್ಕನವರು ನನ್ನ ಕಡೆ ನೋಡಿದರು. ನಾನು ಕಡಲೆಯ ಮೊರ ಬದಿಗಿಟ್ಟೆ.

ಮೊದಲು ಧಾರವಾಡದಲ್ಲಿದ್ದ ಮಜೀದನ ಅಂಗಡಿಗೆ ಹೋದೆವು. ಅಬ್ದುಲಮಜೀದನ ಕಣ್ಣು ಕೆಂಪಗಿದ್ದವು. ಭಾಗ್ಯಶ್ರೀಯ ಅಣ್ಣ ಬಸವಕಿರಣ ಹಿಂದಿನ ದಿನ ಬಂದು ಗಿರಾಕಿಗಳ ಮುಂದೆಯೇ ಕಳ್ಳ ಅಂದುಹೋಗಿದ್ದನಂತೆ.

"ನಾ ಫ್ಯಾನ್ ಒರಸೇನಿ, ಮುಚ್ಚೇನಿ. ಅಷ್ಟ ನೋಡ್ರಿ ನಾ ಮಾಡಿದ್ದು."

"ಹಾಡು ಎಲ್ಲಿ ಇರತಾವಪಾ ಅದರಾಗ?" ಎಂದರು ಅಕ್ಕನವರು.

ಅವನು ಕಪಾಟಿನಿಂದ ಅಂಗೈಯಗಲದ ಎರಡು ಲೋಹದ ಡಬ್ಬಿ ತೆಗೆದಿಟ್ಟ. ಹಾರ್ಡ್ ಡಿಸ್ಕ್ ಎಂದರೆ ಅದೇ ಅಂತ ನನಗೆ ತಿಳಿದದ್ದು ಆಗ.

"ಇದರಾಗ್ರಿ. ದಸರಾಕ್ಕ ಇಂಥಾವ ಎರಡು ಅವರ ಮನಿಗೆ ಒಯ್ದಿದ್ದೆ, ಹೋಲಿಸಿ ನೋಡಿ ಆರಿಸ್ಕೊಳ್ಳಲಿ ಅಂತ. ಎರಡೂ ನಲವತ್ತು ಜೀಬಿ, ಒಂದ ಕಂಪನಿ, ನೋಡಾಕ ಅವಳಿಜವಳಿ. ಒಂದು ನಿಮಿಷಕ್ಕ ಐದು ಸಾವಿರದ ನಾಲ್ಕುನೂರು ಸುತ್ತು ತಿರಗತೈತಿ, ಇನ್ನೊಂದು ಏಳು ಸಾವಿರದ ಎರಡುನೂರು. ಅವರ ಕಂಪ್ಯೂಟರಿಗೇ ಎರಡನ್ನೂ ಹಚ್ಚಿ, ವಿಂಡೋಸ್ ಹಾಕಿ, ಓಡಿಸಿ ತೋರಿಸಿದೆ. ಭಾಗ್ಯಶ್ರೀ ಬಾಯಾರು ಜೋರಿಂದು ಇಟಗೊಂಡ್ರು. ನಿಧಾನದ್ದು ಅಣ್ಣಾರು ತೊಗೊಂಡ್ರು, ಇಲ್ಲೇ ಧಾರವಾಡದ ಬಾಜೂಕಿನ ಬೇಲೂರ ಕೈಗಾರಿಕಾ ಪ್ರದೇಶದಾಗ ಅವರ ಹೊಸ ಬ್ಯಾಳಿ ಮಿಲ್ಲ ಐತಲ್ಲ, ಅದರ ಆಫೀಸಿಗೆ. ಮಿಲ್ಲು ಇನ್ನೂ ಚಾಲೂ ಆಗಿಲ್ಲ. ಬರೋ ಸೋಮವಾರ ಅಲ್ಲಿ ಡಿಸ್ಕ್ ಪೂರಾ ಅಳಿಸಿ ಲೆಕ್ಕದ ಪ್ರೋಗ್ರಾಮ್ ಹಾಕೋದಿತ್ತು. ಈಗ ನನ್ನ ಬಿಟ್ಟು ಬ್ಯಾರೇದವರನ್ನ ಕರದಾರ."

ಎರಡಕ್ಕೂ ವಿದ್ಯುತ್ತು ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿಸಿದ. ಒಂದು ಹೊಲದಲ್ಲಿ ಗಳೇ ಹೊಡೆದು ಬಂದ ಎತ್ತಿನ ಹೆಗಲಿನಂತೆ ಬಿಸಿಯಾಗಿತ್ತು. ಇನ್ನೊಂದು ನೆರಳಿನಲ್ಲಿ ಕಟ್ಟಿದ ಎತ್ತು.

"ಜೋರಿಂದು ಲಗೂ ಕಾಯ್ತೈತ್ರಿ ಕಾಕಾ," ಎಂದ ನನಗೆ.

ಅಮ್ಮಿನಬಾವಿಯ ಮನೆಯಲ್ಲಿ ಬಸವಕಿರಣ ನಮ್ಮನ್ನು ಕೂಡಿಸಿದ, ಆದರೆ ಮಾತಿನಲ್ಲಿ ಸಿಡಿಮಿಡಿ ಇತ್ತು.

"ತನಿಖಿ ಯಾಕ್ರಿ ಅಕ್ಕಾರ? ನಮ್ಮ ಚಹಾ ಕುಡದು ನಮ್ಮ ಪೆಟ್ಟಿಗ್ಯಾಗಿನ ಹಾಡು ತಗೊಂಡು ಹೋಗ್ಯಾನ. ಬೇಕಾರ ಆ ವಿನೋದನೂ ಕೂಡ್ಯಾನೇನೋ!"

"ಹಾಡು ಪೆಟ್ಟಿಗ್ಯಾಗ ಎಲ್ಲಿರತಾವ್ರಿ?"

"ಎಲ್ಲಿ ಅಂದ್ರ? ಪೆಟ್ಟಿಗ್ಯಾಗ! ಈ ಕಾಜಿನ ಹಿಂದ!" ಎಂದು ಪರದೆಯ ಮೇಲೆ ಬಡಿದು ತೋರಿಸಿದ. ಅಷ್ಟರಲ್ಲಿ ತೂಕದವನು ಕರೆದದ್ದರಿಂದ ಗೋದಾಮಿಗೆ ಹೋದ.

ಅಕ್ಕನವರು ಕಂಪ್ಯೂಟರನ್ನು ಬಹಳ ಹೊತ್ತು ಓಡಲು ಬಿಟ್ಟು, ಆಮೇಲೆ ಬದಿಯ ತಗಡು ತೆಗೆಸಿದರು. ಡಿಸ್ಕು ಕಬ್ಬಿಣದ ಚೌಕಟ್ಟಿನಲ್ಲಿ ಅರ್ಧ ಸೇರಿ ಕುಳಿತಿತ್ತು, ಅರ್ಧ ಹೊರಗೆ ಕಾಣುತ್ತಿತ್ತು. ಕಂಡ ಭಾಗದ ಮೇಲೆ ಮೂರು ವಿಭೂತಿಯ ಪಟ್ಟಿ. ಅಕ್ಕನವರು ಅದರ ಮೇಲೆ ಕೈಯಿಟ್ಟರು, ನನ್ನ ಕೈಯನ್ನೂ ಇಡಿಸಿದರು. ಸಣ್ಣಗೆ ಬೆಚ್ಚಗಿತ್ತು, ಅಷ್ಟೇ.

"ಇದಕ್ಕ ವಿಭೂತಿ ಯಾರು ಹಚ್ಚಿದ್ರು?"

"ನಾನ," ಎಂದರು ಬಸವಕಿರಣನ ತಾಯಿ ಶಿವಲಿಂಗವ್ವ. "ದಸರಾದ ಖಂಡೇಪೂಜಿ ದಿವಸ ತಕ್ಕಡಿ, ಕುಡಗೋಲು, ಈ ಡಬ್ಬಿ, ಎಲ್ಲಾ ಕಟಗಿ ಮಣಿ ಮ್ಯಾಲ ಸಾಲಾಗಿ ಇಟ್ಟು ಹಚ್ಚಿದೆ. ಈ ತುದಿಯಿಂದ ಆ ತುದಿಗೆ. ಪೂಜಿ ಆದ ಮ್ಯಾಲ ಮಜೀದ ಒಳಗ ಕೂಡಿಸಿದ. ಪೂಜಿ ಮಾಡಿದ ಹತ್ಯಾರ ವರ್ಷದ ತನಕ ಮನಿ ಬಿಟ್ಟು ಹೋಗಬಾರದು ನೋಡವ್ವ. ನಮ್ಮ ಮನ್ಯಾಗ ಹಿಂಗ ಐತಿ."

ಅಕ್ಕನವರು ಕಂಪ್ಯೂಟರ್ ಆರಿಸಿ, ಭಾಗ್ಯಶ್ರೀಯಿಂದ ತಿರುಪು ಬಿಚ್ಚಿಸಿ ಡಿಸ್ಕನ್ನು ಹೊರಗೆ ಎಳೆಸಿದರು. ಬಿಳಿ ಪಟ್ಟಿಗಳು ಚೌಕಟ್ಟಿನ ಅಂಚು ಇದ್ದಲ್ಲಿಗೆ ನೇರವಾಗಿ ನಿಂತಿದ್ದವು. ಒಳಗಿದ್ದ ಅರ್ಧದಲ್ಲಿ ಬರಿಯ ಲೋಹ ಹೊಳೆಯುತ್ತಿತ್ತು. ಅದನ್ನು ನೋಡಿ ತಿರುಗಿ ಕೂಡಿಸಿದರು.

ಹೊರಗೆ ಬಂದು ಬಸ್ ನಿಲ್ದಾಣದ ಟೆಲಿಫೋನ್ ಬೂತಿನಲ್ಲಿ ಯಾರಿಗೋ ಫೋನು ಮಾಡಿದರು. "ನಾ ಹೇಳೂ ತನಕ ಮುಟ್ಟಬ್ಯಾಡ್ರಿ," ಎಂದದ್ದಷ್ಟೇ ನನಗೆ ಕೇಳಿಸಿತು. ಯಾರನ್ನು ನಂಬಬೇಕೋ ನನಗೆ ತಿಳಿಯಲಿಲ್ಲ. ದಾರಿಯಲ್ಲಿ ಕೇಳಿದರೆ, "ಗುರುಶಿದ್ದಪ್ಪ, ಮುಂದ ನೋಡಿ ಗಾಡಿ ಹೊಡಿ," ಎಂದರು.

ಮರುದಿನ ಮುಂಜಾನೆ ಆ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು. ಶಿವಬಸವ್ವನಿಗೆ ಗೋಡೆಗೆ ಒರಗಲು ಜಾಗ ಮಾಡಿದ್ದರು. ಮಜೀದ ಹೊಸ್ತಿಲ ಆಚೆಯೇ ನಿಂತಿದ್ದ. ವಿನೋದ ಮೂಲೆಯಲ್ಲಿ ಕುಳಿತು, "ನಂದು ಲಾವಣಿ ಅಭ್ಯಾಸರಿ, ಬೀಸೂ ಪದಾ ತಗೊಂಡು ನಾ ಏನು ಜ್ವಾಳಾ ಬೀಸಲಿ?" ಎಂದು ಗೊಣಗುತ್ತಿದ್ದ.

"ಮಜೀದ, ಒಳಗ ಬಾ," ಎಂದರು ಅಕ್ಕನವರು. "ಕಳ್ಳ ಅಂತ ಅನಿಸ್ಕೊಂಡಾವರು ಇಬ್ರು. ಮೊದಲು ವಿನೋದನ ಮಾತು. ಅಂವಗ ಹಾಡು ಬೇಕಾಗಿದ್ರ ನಕಲು ಮಾಡ್ಕೊಂಡು ಹೋಗತಿದ್ದ. ನಕಲು ಮಾಡಿದ್ರ ಮೂಲ ಹಂಗ ಉಳಿತೈತಿ, ಭಾಗ್ಯಶ್ರೀಗೆ ಗೊತ್ತ ಆಗತಿರಲಿಲ್ಲ. ಅಳಿಸೋದ ಅಂವಗ ಬೇಕಾಗಿತ್ತಂದ್ರ, ಅಳಿಸಿ ಹೋಗತಿದ್ದ. ಆದ್ರ ಇಲ್ಲಿ ಹಾಡು ಅಳಿಸಿಲ್ಲ. ಡಿಸ್ಕ ಬದಲ ಆಗೇತಿ."

ಬಸವಕಿರಣ ತಲೆಯೆತ್ತಿದ.

"ಶಿವಲಿಂಗವ್ವನವರು ಮಣಿ ಮ್ಯಾಲ ಇಟ್ಟು ತುದಿಯಿಂದ ತುದಿಗೆ ಪಟ್ಟಿ ಎಳದಾರ. ಈಗ ಒಳಗಿರೂದರ ಪಟ್ಟಿ ಚೌಕಟ್ಟಿನ ಅಂಚಿಗೆ ನಿಂತಾವ. ಅಂದ್ರ ಕೂಡಿಸಿದ ಮ್ಯಾಲ, ಕೈ ಹೋದಷ್ಟಕ್ಕ ಯಾರೋ ಹಚ್ಚ್ಯಾರ. ಅದು ಬಿಸಿ ಆಗಂಗೂ ಇಲ್ಲ, ಲಗೂ ಓಡಂಗೂ ಇಲ್ಲ. ನಿಧಾನದ ಡಿಸ್ಕ್ ಅದು, ಮಿಲ್ಲಿಗೆ ಹೋಗಿದ್ದು. ಆದರೂ ಈ ಕಂಪ್ಯೂಟರಿನ್ಯಾಗ ತಕರಾರಿಲ್ಲದ ಚಾಲೂ ಆತು. ಯಾಕಂದ್ರ ಮಜೀದ ಇದ ಕಂಪ್ಯೂಟರಿನ್ಯಾಗ ಅದಕ್ಕೂ ವಿಂಡೋಸ್ ಹಾಕಿದ್ದ."

"ಮತ್ತ ಮಜೀದನೇ ಬದಲ ಮಾಡ್ಯಾನೇನು?" ಎಂದರು ಶಿವಲಿಂಗವ್ವ.

"ಡಿಸ್ಕ್ ಕದಿಯೋದಿದ್ರ ಮಜೀದ ಮೊದಲು ಹಾಡೆಲ್ಲಾ ಬದಲಿ ಡಿಸ್ಕಿಗೆ ಇಳಿಸಿಟ್ಟು ಕದೀತಿದ್ದ. ಯಾರಿಗೂ ತಿಳೀತಿರಲಿಲ್ಲ. ಬದಲ ಮಾಡಿದ ಮನಶ್ಯಾ ವಿಭೂತಿ ಹಚ್ಚಿ ಮುಚ್ಚಿಡೂವಷ್ಟು ಹುಷಾರಿ. ಆದ್ರ ಹಾಡು ಹೋಗತಾವಂತ ಅವಗ ಗೊತ್ತ ಇರಲಿಲ್ಲ. ಹಾಡು ಕಾಜಿನ ಹಿಂದ ಇರತಾವಂತ ತಿಳದಾಂವ."

ಪಡಸಾಲೆಯಲ್ಲಿದ್ದವರೆಲ್ಲ ಬಸವಕಿರಣನ ಕಡೆ ತಿರುಗಿದರು.

"ಅದು ಮೋಟರಲ್ಲೇನ್ರಿ?" ಎಂದ ಅವನು. "ಇಷ್ಟು ಸುತ್ತು, ಅಷ್ಟು ಸುತ್ತು ಅಂತ ಈ ಮಜೀದನೇ ಹೇಳಿದ್ದ. ಹೊಲದಾಗ ನಾವು ಈ ಬಾವಿ ಮೋಟರು ಆ ಬಾವಿಗೆ ಹಚ್ಚತೇವಿ, ಬಾವ್ಯಾಗಿನ ನೀರು ಮೋಟರಿನ ಜೋಡಿ ಹೋಗತೈತೇನು? ಲೆಕ್ಕದ ಪ್ರೋಗ್ರಾಮಿಗೆ ಜೋರಿಂದ ಬೇಕು ಅಂತ ಮಿಲ್ಲಿನ್ಯಾಗ ಹೇಳಿದ್ರು. ತಂಗಿಗೆ ಹಾಡು ಕೇಳಾಕ ನಿಧಾನದ್ದು ಸಾಕು ಅಂತ, ಮಂಗಳವಾರ ಸಂಜೀಕ ಬದಲ ಮಾಡಿದೆ. ಮಜೀದ ಬಿಚ್ಚೂದ ನೋಡಿದ್ದೆ. ಪೂಜಿ ಮಾಡಿದ್ದು ಮನಿ ಬಿಡಸಿದೆ ಅಂತ ಅವ್ವ ಬಯ್ತಾಳಂತ ವಿಭೂತಿ ಹಚ್ಚಿದೆ. ಹಾಡು ಹೋದಾಗ ಖರೇನ ಮಜೀದನೇ ಒಯ್ದಾನ ಅಂತ ತಿಳದಿದ್ದೆರಿ!"

"ತಿಳದಿದ್ದಿ ಖರೆ. ಆದ್ರ ಬದಲ ಮಾಡಿದ್ದು ಬಾಯಿ ಬಿಡಲಿಲ್ಲ," ಎಂದರು ಅಕ್ಕನವರು. "ಸೋಮವಾರ ಅದನ್ನ ಅಳಸತಿದ್ರು. ನಿನ್ನಿ ನಾ ಮಿಲ್ಲಿಗೆ ಫೋನ್ ಮಾಡಿ ತಡದೇನಿ."

ಭಾಗ್ಯಶ್ರೀ ಅಣ್ಣನ ಮುಖ ನೋಡಲಿಲ್ಲ. "ಮೊದಲು ತಾ," ಎಂದಳು.

ಮಿಲ್ಲಿನಲ್ಲಿದ್ದ ಡಿಸ್ಕ್ ಬಿಚ್ಚಲು ಮಜೀದನೇ ಬೇಕಾಯಿತು. ಬಸವಕಿರಣ ಮೋಟಾರ್ ಸೈಕಲ್ ಹೊರಗೆ ತಂದು, ಬಹಳ ಹೊತ್ತು ಹ್ಯಾಂಡಲ್ ಒರೆಸುತ್ತ ನಿಂತ.

"ಗಿರಾಕಿ ಮುಂದ ಅಂದೀನಿ. ಗಿರಾಕಿ ಮುಂದನ ಬಂದು ತಪ್ಪಾತು ಅಂತೇನಿ," ಎಂದ.

"ಮೊದಲ ಗಾಡಿ ಸಾವಕಾಶ ಹೊಡೀರಿ ಅಣ್ಣಾರ," ಎಂದು ಮಜೀದ ಹಿಂದೆ ಹತ್ತಿದ. "ಬರೂವಾಗ ಡಿಸ್ಕ್ ಜಿಗದಾಡಿದ್ರ ಅಜ್ಜಿ ಪದಾ ಉದರತಾವ."

ಅವರು ಬೇಲೂರಿನಿಂದ ಬರುವ ತನಕ ಯಾರೂ ಊಟಕ್ಕೆ ಏಳಲಿಲ್ಲ. ಮಜೀದ ಡಿಸ್ಕ್ ಕೂಡಿಸಿದ. ತುದಿಯಿಂದ ತುದಿಗೆ ಮೂರು ಪಟ್ಟಿ ಇದ್ದವು. ಭಾಗ್ಯಶ್ರೀ ಮೌಸನ್ನು ವಿನೋದನ ಕಡೆ ಸರಿಸಿದಳು, ಅವನೇ ಒತ್ತಿದ. ಮೊದಲು ಬೀಸುಕಲ್ಲಿನ ಗರಗರ ಸದ್ದು, ಅದರ ಹಿಂದೆ ತುಂಬಿದ, ಚೂಪಾದ ಒಂದು ಹೆಣ್ಣುದನಿ.

ಶಿವಬಸವ್ವ ಕಿವಿಗೆ ಕೈ ಆನಿಸಿ ಕೇಳಿದಳು. ಪದ ಮುಗಿಯಿತು. ಅಳುತ್ತಾಳೆ ಎಂದು ನಾವೆಲ್ಲ ನೆಲ ನೋಡುತ್ತಿದ್ದೆವು. ಆಕೆ ಭಾಗ್ಯಶ್ರೀಯ ಸೆರಗು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಗಾಳಿಯಂಥ ದನಿಯಲ್ಲಿ ಅಂದಳು:

"ನಡುವ ಒಂದು ನುಡಿ ಬಿಟ್ಟೇನಲ್ಲಬೇ. ಯಾರೂ ಹೇಳಲಿಲ್ಲ? ಕೂಡು, ಹೇಳತೇನಿ. ಬರಕೋ."