ಕೆನ್ನೆಯ ನೀಲಿ

ಸೂಜಿ ಹೊರಬಂದ ಜಾಗದಲ್ಲಿ ನೇರಳೆಹಣ್ಣಿನಷ್ಟು ನೀಲಿ ಮೂಡುತ್ತಿದ್ದಂತೆಯೇ ಡಾಕ್ಟರ್ ಮೇದಿನಿ ಅದರ ಮೇಲೊಂದು ತೆಳು ಪಟ್ಟಿ ಅಂಟಿಸಿದರು. ಹತ್ತು ನಿಮಿಷ ಬಿಟ್ಟು ಕಿತ್ತಾಗ ಕುರ್ಚಿಯಲ್ಲಿದ್ದ ಹುಡುಗಿಯ ಕೆನ್ನೆಯಲ್ಲಿ ಕಲೆಯ ಸುಳಿವೂ ಇರಲಿಲ್ಲ. ಎರಡು ಸಾವಿರದ ಐವತ್ತೆಂಟರ ಹುಬ್ಬಳ್ಳಿಯಲ್ಲಿ ಇದು ಯಾರಿಗೂ ಸೋಜಿಗವಲ್ಲ. ಬೆಂಚಿನ ಮೇಲೆ ಸರದಿಗೆ ಕಾದಿದ್ದ ಶಿವಲೀಲಾಳಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಅವಳು ಇಪ್ಪತ್ತಾರು ವರ್ಷದಿಂದ ಜವಳಿ ಅಂಗಡಿಯ ಗಾದಿಯ ಮೇಲೆ ಸೀರೆ ತೋರಿಸುವವಳು. ಸೆರಗನ್ನು ತನ್ನ ಹೆಗಲಿಗೆ ಹಾಕಿ ತೋರಿಸಿದರೇನೇ ಗಿರಾಕಿಗೆ ಸಮಾಧಾನ. ಸೀರೆಯ ಜೊತೆ ಮುಖವೂ ಕಣ್ಣಿಗೆ ಬೀಳುತ್ತದೆ. ‘ಸುಕ್ಕು ತುಂಬುವ ಚುಚ್ಚುಮದ್ದು ಹಾಕಿಸಿಕೊಂಡು ಬಾ, ಇಲ್ಲವೇ ಗೋದಾಮಿನಲ್ಲಿ ಗಂಟು ಬಿಚ್ಚು’ ಎಂದಿದ್ದ ಮಾಲೀಕ. ಮೊದಲಾಗಿದ್ದರೆ ಹೀಗೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಸೂಜಿ ಸಣ್ಣ ರಕ್ತನಾಳಕ್ಕೆ ತಾಗಿದರೆ ಚರ್ಮದಡಿ ರಕ್ತ ಸೋರಿ ನೀಲಿಗಟ್ಟುತ್ತದೆ. ಅದು ಕರಗಲು ಹತ್ತು ದಿನ ಬೇಕು. ನೀಲಿ ಕೆನ್ನೆಯವಳನ್ನು ಹತ್ತು ದಿನ ಗಿರಾಕಿಯ ಮುಂದೆ ಯಾರು ಕೂರಿಸುತ್ತಾರೆ? ಮೇದಿನಿಯವರ ಪಟ್ಟಿಯಲ್ಲಿ ಆ ರಕ್ತವನ್ನು ಒಡೆದು ಕರಗಿಸುವ ಕಿಣ್ವವಿತ್ತು. ಹತ್ತು ದಿನ ಹತ್ತು ನಿಮಿಷವಾಯಿತು, ಒಲ್ಲೆ ಎನ್ನಲು ಉಳಿದಿದ್ದ ಒಂದು ನೆಪವೂ ಹೋಯಿತು.

“ಚುಚ್ಚರಿ,” ಎಂದಳು ಶಿವಲೀಲಾ, ಕುರ್ಚಿಯಲ್ಲಿ ಕೂತು. “ಪಟ್ಟಿ ಮಾತ್ರ ಹಚ್ಚಬ್ಯಾಡ್ರಿ.”

“ಯಾಕ್ರಿ ಅಕ್ಕಾರ? ಅದರಿಂದ ಏನೂ ತ್ರಾಸ ಇಲ್ಲ.”

“ಚುಚ್ಚಿಸಿಕೊಂಡು ಬಾ ಅಂದಾರ, ಚುಚ್ಚಿಸಿಕೋತೀನಿ. ಮುಚ್ಚಿಕೊಂಡು ಬಾ ಅಂತ ಯಾರೂ ಅಂದಿಲ್ಲ.”

ಮೇದಿನಿಯವರ ಮುಖ ಬಿಗಿಯಿತು. “ಮಂದಿ ನಾಚಿಕೊಂಡು ಮನ್ಯಾಗ ಕೂಡಬಾರದು ಅಂತ ನಾ ಇದನ್ನ ಕಂಡುಹಿಡದೆ.”

“ಖರೇರಿ. ಈಗ ಕೂಡತೀನಿ ಅಂದ್ರೂ ಬಿಡವಲ್ರು.”

ಡಾಕ್ಟರ್ ಚರ್ಮದಡಿಯ ನಾಳಗಳನ್ನು ತೋರಿಸುವ ದೀಪವನ್ನು ಅವಳ ಮುಖಕ್ಕೆ ಹಿಡಿದರು.

“ಅದನ್ನೂ ಆರಸ್ರಲ್ಲ.”

“ಆರಸೂದಿಲ್ಲ. ದೊಡ್ಡ ನಾಳಕ್ಕ ಚುಚ್ಚಿದ್ರ ಕಣ್ಣು ಹೋದೀತು. ನಿಮ್ಮ ಹಟಕ್ಕ ಸಣ್ಣದೊಂದು ಸಾಕು.”

ದೊಡ್ಡ ನಾಳ ತಪ್ಪಿತು, ಸಣ್ಣದೊಂದು ಸಿಕ್ಕಿತು. ಪಟ್ಟಿಯ ಡಬ್ಬಿಯನ್ನು ಮೇದಿನಿ ತಾವೇ ದೂರ ಸರಿಸಿದರು.

ಮರುದಿನ ಅಂಗಡಿಯಲ್ಲಿ ಮದುವೆ ಜವಳಿಯ ಗದ್ದಲ. ಎಡಗೆನ್ನೆಯ ತುಂಬ ನೀಲಿ ಹೊತ್ತು ಶಿವಲೀಲಾ ಗಾದಿಯ ಮೇಲೆ ಕೂತಿದ್ದಳು. ಮಾಲೀಕ ದಡಬಡಿಸಿ ಬಂದ.

“ಏನಿದು ಅವತಾರ? ಏಳು, ಒಳಗ ನಡಿ!”

“ನೀವು ಹೇಳಿದ್ದು ಮಾಡಿಸಿಕೊಂಡು ಬಂದೀನ್ರಿ ಸಾವ್ಕಾರ್ರ,” ಎಂದವಳೇ ಸೆರಗನ್ನು ಎಡ ಹೆಗಲಿಗೇ ಹಾಕಿಕೊಂಡಳು.

ಮದುವೆ ಹೆಣ್ಣಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಚುಚ್ಚುಮದ್ದಿನ ನೀಲಿಯನ್ನು ಊರು ಮರೆತು ವರ್ಷಗಳಾಗಿದ್ದವು. ಹೆಂಗಸಿನ ಕೆನ್ನೆಯ ನೀಲಿಗೆ ಉಳಿದಿದ್ದು ಒಂದೇ ಅರ್ಥ.

“ಯಾರವ್ವಾ ಹೊಡದವರು?”

“ನಮ್ಮ ಅಂಗಡಿಯವರು.”

ಅಜ್ಜಿ, ಶಿವಲೀಲಾಳ ಪಕ್ಕದಲ್ಲಿ ಸಾಲಾಗಿ ಕೂತು ಸೀರೆ ತೋರಿಸುತ್ತಿದ್ದ ಉಳಿದ ಹೆಂಗಸರ ನುಣುಪು ಕೆನ್ನೆಗಳನ್ನು ಒಂದೊಂದಾಗಿ ನೋಡಿದಳು.

“ಇವರನ್ನ ಬಿಟ್ಟಾರಲ್ಲ?”

“ಎಲ್ಲಿ ಬಿಟ್ಟಾರ್ರೀ? ಕಾಣೂದಿಲ್ಲ, ಅಷ್ಟ.”

ಮಾಲೀಕ ಬಾಯಿ ತೆರೆದ. ಅಜ್ಜಿ ಕೈಯೆತ್ತಿ ಅವನನ್ನು ತಡೆದಳು. “ಈಕಿನೇ ತೋರಸಲಿ. ಇಲ್ಲಾ, ನಾವು ಎದ್ದು ಹೊಂಟ್ವಿ.”

ಮದುವೆ ಹೆಣ್ಣಿನ ಕೈ ಮೆಲ್ಲಗೆ ತನ್ನ ಕೆನ್ನೆಗೆ ಹೋಯಿತು. ಸೋಮವಾರಕ್ಕೆ ಅವಳಿಗೂ ಮೇದಿನಿಯವರಲ್ಲಿ ಚುಚ್ಚುಮದ್ದಿಗೆ ಹೊತ್ತು ಗೊತ್ತುಮಾಡಿದ್ದರು. ಗೊತ್ತುಮಾಡಿದ್ದ ಬೀಗಿತ್ತಿ, ಪಕ್ಕದಲ್ಲೇ ಕೂತಿದ್ದ ಗಂಡಿನ ತಾಯಿ, ತಲೆ ಬಗ್ಗಿಸಿ ಸೀರೆಯ ಅಂಚು ನೋಡತೊಡಗಿದರು.