ಉಸಿರು ಟೀಚರ್ ಕ್ಲಾಸಿನಲ್ಲಿ ಫೇಲಾದ ರೆಫ್ರಿ

ಕೊಳವೆ ಪೀಂ ಎಂದು ಸೀಟಿ ಹೊಡೆದ ಕೂಡಲೇ ರೆಫ್ರಿ ಜೋರಾಗಿ ಚಪ್ಪಾಳೆ ತಟ್ಟಿದ.

"ಭಲೇ ಚೂಟಿ!"

ಆಸ್ಪತ್ರೆಯ ಆ ಕೋಣೆಯಲ್ಲಿ ಕೂತಿದ್ದ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಅವನ ಕಡೆ ತಿರುಗಿದರು. ಚೂಟಿ ಅವನ ಅಕ್ಕನ ಮಗಳು. ಆಸ್ತಮಾ ಇದ್ದ ಹುಡುಗಿ. ಇನ್‌ಹೇಲರ್ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಬಾಯಿಂದ ತೆಗೆದು, ಮಾವನತ್ತ ಹೆಮ್ಮೆಯಿಂದ ಹಲ್ಲು ಬಿಟ್ಟಳು.

ಎದುರಿಗೆ ಸ್ಟೂಲಿನ ಮೇಲಿದ್ದ ನರ್ಸ್ ಮಾತ್ರ ನಗಲಿಲ್ಲ. ಇನ್‌ಹೇಲರ್ ಸರಿಯಾಗಿ ಬಳಸುವುದನ್ನು ಕಲಿಸುವುದೇ ಅವಳ ಕೆಲಸ. ಮಕ್ಕಳು ಅವಳಿಗೆ ಉಸಿರು ಟೀಚರ್ ಎಂದು ಹೆಸರಿಟ್ಟಿದ್ದರು.

"ನೀವೇನು ಕೆಲಸ ಮಾಡ್ತೀರಿ ಸರ್?"

"ಫುಟ್‌ಬಾಲ್ ರೆಫ್ರಿ."

"ಸೀಟಿ ಯಾವಾಗ ಊದ್ತೀರಿ?"

"ಯಾರಾದ್ರೂ ತಪ್ಪು ಮಾಡಿದಾಗ."

"ಇದೂ ಅಷ್ಟೇ. ಉಸಿರು ಜೋರಾಗಿ ಎಳೆದ್ರೆ ಕೊಳವೆ ಸೀಟಿ ಹೊಡೆಯುತ್ತೆ. ಔಷಧಿ ಎದೆಗಿಳಿಯದೆ ಗಂಟಲಲ್ಲೇ ಅಂಟ್ಕೊಳ್ಳುತ್ತೆ. ಇಷ್ಟು ದಿನ ನೀವು ಫೌಲಿಗೆ ಚಪ್ಪಾಳೆ ಹೊಡೀತಾ ಇದ್ರಿ."

ಚೂಟಿಯ ಮುಖ ಸಣ್ಣಗಾಯಿತು. ರೆಫ್ರಿಯ ಮುಖ ಅದಕ್ಕಿಂತ ಸಣ್ಣಗಾಯಿತು.

"ಸಾರಿ ಸಿಸ್..." ಎಂದು ಶುರು ಮಾಡಿದವನು ಅಲ್ಲೇ ನಿಂತ. ಊರಿಗೆ ಊರೇ ನರ್ಸುಗಳನ್ನು ಸಿಸ್ಟರ್ ಎನ್ನುತ್ತದೆ. ಅವನಿಗೇಕೋ ಆ ಹೊತ್ತಿನಲ್ಲಿ ಆ ಮಾತು ಬಾಯಿಗೆ ಬರಲೊಲ್ಲದಾಯಿತು. "ಸಾರಿ ಟೀಚರ್," ಎಂದ.

ಅವಳ ತುಟಿಯ ತುದಿಯಲ್ಲಿ ಏನೋ ಮಿಸುಕಿತು. ನಗುವೋ, ನಗದಿರುವ ಪ್ರಯತ್ನವೋ, ಅಂತೂ ಅವನು ಅದನ್ನು ನೋಡಿಬಿಟ್ಟ.

"ಈಗ ಎಲ್ಲರೂ ಕೇಳಿ. ನಿಮ್ಮ ತೊಡೆ ಮೇಲೆ ಒಂದು ಬೆಕ್ಕು ಮಲಗಿದೆ. ಅದಕ್ಕೆ ಎಚ್ಚರ ಆಗಬಾರದು. ಅಷ್ಟು ನಿಧಾನಕ್ಕೆ ಉಸಿರು ಎಳ್ಕೊಳ್ಳಬೇಕು."

ಮೊಣಕಾಲಿನ ಮೇಲಿದ್ದ ಅಂಗೈಯನ್ನು ಅವಳು ಮೆಲ್ಲಗೆ ಮೇಲೆತ್ತಿದಳು. ಕೈಯ ಜೊತೆಗೆ ಮಕ್ಕಳ ಉಸಿರೂ ಏರಿತು. ಕೈ ಎದೆಮಟ್ಟಕ್ಕೆ ಬಂದು ನಿಂತಿತು, ಉಸಿರೂ ನಿಂತಿತು. ಆವರೆಗೆ ಕಿತ್ತಾಡುತ್ತ, ಕುರ್ಚಿ ಒದೆಯುತ್ತ ಇದ್ದ ಅಷ್ಟೂ ಮಕ್ಕಳು ಕಣ್ಣರಳಿಸಿಕೊಂಡು ಕೂತಿದ್ದವು. ಹೊರಗೆ ಲಿಫ್ಟಿನ ಬಾಗಿಲು ತೆರೆದದ್ದು ಕೇಳಿಸಿತು. ಆಮೇಲೆ ಆ ಕೈ ಕೆಳಗಿಳಿಯಿತು, ಎದೆಗಳೆಲ್ಲ ಒಟ್ಟಿಗೆ ಇಳಿದವು.

ರೆಫ್ರಿ ಬೆರಗಾಗಿ ಹೋದ. ಅವನ ಬದುಕೆಲ್ಲ ಕೂಗಾಟದ ನಡುವೆ ಕಳೆದದ್ದು. ಜನರನ್ನು ಸುಮ್ಮನಾಗಿಸಲು ಅವನಿಗೆ ಗೊತ್ತಿದ್ದದ್ದು ಗದರುವುದು, ಹಳದಿ ಕಾರ್ಡು ತೋರಿಸುವುದು, ಅದಕ್ಕೂ ಬಗ್ಗದಿದ್ದರೆ ಕೆಂಪು ಕಾರ್ಡು. ಬರಿಯ ಒಂದು ಅಂಗೈ ಇಷ್ಟೊಂದು ಎದೆಗಳನ್ನು ಏರಿಸಿ ಇಳಿಸುವುದನ್ನು ಅವನು ಕಂಡಿರಲಿಲ್ಲ.

"ಸರ್, ನೀವೂ ಉಸಿರು ಬಿಡಬಹುದು," ಎಂದಳು ಅವಳು.

ಆಗಲೇ ಅವನಿಗೆ ಗೊತ್ತಾದದ್ದು, ತಾನಿನ್ನೂ ಹಿಡಿದುಕೊಂಡೇ ಇದ್ದೇನೆ ಎಂದು.

ಕ್ಲಾಸಿಗೆ ಅವಳದೊಂದು ನಿಯಮವಿತ್ತು. ಮಗುವಿಗೂ ಬರಬೇಕು, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಗೂ ಬರಬೇಕು. ಇಬ್ಬರೂ ತಪ್ಪಿಲ್ಲದೆ ಮಾಡಿ ತೋರಿಸಿದರೆ ಮುಗಿಯಿತು, ಮತ್ತೆ ಬರಬೇಕಾಗಿಲ್ಲ. ಚೂಟಿಯ ಅಪ್ಪ ದೂರದೂರಿನಲ್ಲಿ ಕೆಲಸಕ್ಕಿದ್ದ. ಅಮ್ಮನಿಗೆ ಬಟ್ಟೆ ಫ್ಯಾಕ್ಟರಿಯಲ್ಲಿ ಸಂಜೆ ಪಾಳಿ. ಹಾಗಾಗಿ ಸಂಜೆಯೆಲ್ಲ ಚೂಟಿ ಮಾವನ ಪಾಲು. ಪರೀಕ್ಷೆಯೂ ಮಾವನಿಗೇ.

ಚೂಟಿ ಮುಂದಿನ ವಾರವೇ ಪಾಸಾದಳು. ಕೊಳವೆಯಿಂದ ಚಕಾರವಿಲ್ಲ. ಆಮೇಲೆ ಟೀಚರ್ ಔಷಧಿಯಿಲ್ಲದ ಡೆಮೋ ಇನ್‌ಹೇಲರನ್ನು ರೆಫ್ರಿಯ ಕೈಗಿತ್ತಳು. ಅವನಿಗೆ ಎಲ್ಲವೂ ಕರತಲಾಮಲಕ. ಚೆನ್ನಾಗಿ ಅಲ್ಲಾಡಿಸಬೇಕು, ನೆಟ್ಟಗೆ ಕೂರಬೇಕು, ಇದ್ದ ಉಸಿರನ್ನು ಹೊರಬಿಡಬೇಕು, ತುಟಿ ಬಿಗಿ ಹಿಡಿದು ಒಮ್ಮೆ ಒತ್ತಿ, ನಿಧಾನಕ್ಕೆ ಎಳೆದು, ತಡೆದು ಹಿಡಿಯಬೇಕು. ಹಾಗೆಯೇ ಮಾಡಲು ಹೊರಟವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ತುಸು ಮುಂದಕ್ಕೆ ಬಾಗಿ, ಅವನ ಉಸಿರನ್ನು ಕೇಳಿಸಿಕೊಳ್ಳಲು ತಲೆ ವಾರೆ ಮಾಡಿ ಕೂತಿದ್ದಳು. ಕಿವಿಯ ಹಿಂದಿನ ಕೂದಲು ಜಾರಿ ಕೆನ್ನೆಗೆ ಬಂದಿತ್ತು. ಇದು ಸರಿಯಾಗಿಬಿಟ್ಟರೆ ಈ ಮುಖ ಮತ್ತೆ ಕಾಣುವುದಿಲ್ಲವಲ್ಲ ಎಂದು ಅವನಿಗೆ ಹೊಳೆಯಿತು.

ಅವನು ಅಲ್ಲಾಡಿಸದೆ ಒತ್ತಿದ.

"ಅಲ್ಲಾಡಿಸಿಲ್ಲ!" ಎಂದು ಮಕ್ಕಳು ಕುಣಿದವು.

"ಮುಂದಿನ ವಾರ ಬನ್ನಿ," ಎಂದಳು ಟೀಚರ್.

ಅದರ ಮುಂದಿನ ವಾರ ತುಟಿ ಸಡಿಲ ಬಿಟ್ಟ. ಇನ್ನೊಂದು ವಾರ ಒತ್ತುವ ಮೊದಲೇ ಉಸಿರು ಎಳೆದ. ತಪ್ಪು ಹುಡುಕುವವನೇ ತಪ್ಪು ಮಾಡಲು ಕೂತರೆ ಅದಕ್ಕೆ ಬರವೇ?

"ಮೈದಾನದಲ್ಲಿ ಎಲ್ಲರ ತಪ್ಪೂ ಕಾಣುತ್ತೆ, ನಿಮ್ಮದು ಮಾತ್ರ ಕಾಣಲ್ಲ ಅಲ್ವಾ?" ಎಂದು ಅವಳು ಒಮ್ಮೆ ಕೆಣಕಿದಳು.

"ನೋಡೋರು ಎದುರಿಗಿದ್ರೆ ಗಾಬರಿ ಆಗುತ್ತೆ ಟೀಚರ್."

"ಮೈದಾನದಲ್ಲಿ ಅಷ್ಟು ಜನ ನೋಡ್ತಿರ್ತಾರಲ್ಲ?"

"ಅವರ್ಯಾರೂ ಹೀಗೆ ನೋಡಲ್ಲ."

ಅವಳು ತಟ್ಟನೆ ಕಣ್ಣು ತಗ್ಗಿಸಿ, ಒಣಗಿದ್ದ ಕೊಳವೆಯನ್ನೇ ಮತ್ತೆ ಒರೆಸಿದಳು. ಬಸ್ಸಿನಲ್ಲಿ ಚೂಟಿ ಅವನ ತೋಳು ಚಿವುಟಿದಳು. "ಮಾವ, ಮನೇಲಿ ಸರಿಯಾಗೇ ತೋರಿಸ್ತೀಯಲ್ಲ, ಅಲ್ಲಿ ಯಾಕೆ ಪೆದ್ದನ ಥರ ಆಡ್ತೀಯ?" ಅವನು ಕಿಟಕಿಯಾಚೆ ನೋಡಿದ.

ಒಂದು ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಚೂಟಿಗೆ ಉಸಿರು ಸಿಕ್ಕಿಕೊಂಡಿತು. ಕತ್ತಿನ ಗುಳಿ ಒಳಕ್ಕೆ ಎಳೆಯುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ರೆಫ್ರಿ ಅವಳನ್ನು ಅಲ್ಲೇ ನೆಟ್ಟಗೆ ಕೂರಿಸಿ, ಉಸಿರು ಕಟ್ಟಿದಾಗ ಕೊಡುವ ನೀಲಿ ಇನ್‌ಹೇಲರನ್ನು ಅಲ್ಲಾಡಿಸಿ, ಕೊಳವೆಗೆ ಸಿಕ್ಕಿಸಿ ಒತ್ತಿದ. ಈ ಸಲ ಒಂದು ಹೆಜ್ಜೆಯೂ ತಪ್ಪಲಿಲ್ಲ. ಎಡಗೈ ತಾನಾಗಿಯೇ ಅವಳ ಕಣ್ಣೆದುರು ಮೆಲ್ಲಗೆ ಮೇಲೆದ್ದಿತು, ಥೇಟ್ ಟೀಚರಿನ ಕೈಯಂತೆ. ಚೂಟಿ ಆ ಕೈಯನ್ನೇ ನೋಡುತ್ತ ಎಳೆದಳು. ಡಾಕ್ಟರು ಹೇಳಿದ್ದಂತೆ, ಸ್ವಲ್ಪ ತಡೆದು ಇನ್ನೊಂದು ಸಲ, ಮತ್ತೊಂದು ಸಲ. ನಿಧಾನವಾಗಿ ತುಟಿಗೆ ಬಣ್ಣ ಬಂತು.

"ಮಾವ, ಹಸಿವು," ಎಂದಳು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಕಣ್ಣಿಂದ ನೀರು ಸುರಿಯಿತು. ಎಲ್ಲೋ ಒಂದು ಕೋಣೆಯಲ್ಲಿ ಕೂತವಳ ಅಂಗೈ ಇಲ್ಲಿ ಈ ಮೆಟ್ಟಿಲಿಗೆ ಬಂದು ಮಗುವಿನ ಉಸಿರನ್ನು ಕೈಹಿಡಿದು ಕರೆತಂದಿತ್ತು. ಅದು ಪವಾಡವಲ್ಲ, ಕಲಿಸಿದ ವಿದ್ಯೆ ಎಂದು ಅವನಿಗೂ ಗೊತ್ತಿತ್ತು. ಆದರೂ ಅವಳ ಬಗ್ಗೆ ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಅವಳ ಮೇಲೆ ತನಗೆ ಪ್ರೀತಿ ಹುಟ್ಟಿದೆ, ಅದರಲ್ಲಿ ಇನ್ನು ಅನುಮಾನವಿಲ್ಲ ಎಂದುಕೊಂಡ.

ಓಡಿ ಹೋಗಿ ಅವಳಿಗೆ ಹೇಳಬೇಕಿತ್ತು. ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಸುಮ್ಮನಾದ, ಚೂಟಿಯ ಅಮ್ಮನಿಗೂ ಹೇಳಲಿಲ್ಲ.

ಚೂಟಿಯ ಬಾಯಿಗೆ ಬೀಗ ಹಾಕುವವರು ಯಾರು? ಭಾನುವಾರ ಬೆಳಿಗ್ಗೆ ಅಕ್ಕ ಅವನೆದುರು ಬಂದು ನಿಂತಳು.

"ಮಗೂಗೆ ಉಸಿರು ಕಟ್ಟಿತ್ತಂತೆ. ನನಗ್ಯಾಕೆ ಹೇಳಲಿಲ್ಲ?"

"ಸರಿ ಹೋಯ್ತಲ್ಲ ಅಕ್ಕ, ನಾನೇ ಔಷಧಿ ಕೊಟ್ಟೆ."

"ನೀನಾ? ಟೀಚರಿಗೆ ಫೋನ್ ಮಾಡಿದ್ದೆ ಕಣೋ. ನಿಮ್ಮ ತಮ್ಮನಿಗೆ ಇನ್ನೂ ಬರಲ್ಲ ಅಂದ್ರು, ತುಂಬಾ ಬೇಜಾರು ಮಾಡ್ಕೊಂಡೇ ಅಂದ್ರು. ಈ ಸಲ ಏನೋ ಅದೃಷ್ಟ. ಮುಂದಿನ ಸಲ? ಇವಳನ್ನ ನಮ್ಮತ್ತೆ ಮನೆಗೆ ಕಳಿಸ್ತೀನಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ."

"ನನಗೆ ಬರುತ್ತೆ ಅಕ್ಕ, ಸತ್ಯವಾಗ್ಲೂ."

"ಹಾಗಂತ ಟೀಚರ್ ಹೇಳಲಿ, ನಂಬ್ತೀನಿ."

ಬಾಗಿಲ ಹಿಂದಿನಿಂದ ಚೂಟಿ ಬಿಕ್ಕಿದ್ದು ಕೇಳಿಸಿತು. ಅಕ್ಕನ ಕಣ್ಣೂ ತುಂಬಿತ್ತು. ಮಗಳನ್ನು ದೂರ ಕಳಿಸುವುದು ಅವಳಿಗೇನು ಹಿಗ್ಗಿನ ವಿಷಯವಲ್ಲ. ತನ್ನ ಹುಡುಗಾಟ ಎಲ್ಲಿಗೆ ಬಂದು ಮುಟ್ಟಿತು ಎಂದು ರೆಫ್ರಿಗೆ ನಾಚಿಕೆಯಾಯಿತು.

ಆ ವಾರದ ಕ್ಲಾಸಿನಲ್ಲಿ ಮಕ್ಕಳು ತಪ್ಪು ಹಿಡಿಯಲು ತುದಿಗಾಲಲ್ಲಿ ನಿಂತಿದ್ದವು. ಅವನು ಅಲ್ಲಾಡಿಸಿದ, ನೆಟ್ಟಗೆ ಕೂತ, ಉಸಿರು ಬಿಟ್ಟು, ತುಟಿ ಬಿಗಿದು, ಒತ್ತಿ, ಎಳೆದು, ತಡೆದು ಹಿಡಿದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಕ್ಕಳು ನಿರಾಸೆಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡವು.

ಕ್ಲಾಸು ಮುಗಿದು ಉಳಿದವರೆಲ್ಲ ಹೋದ ಮೇಲೆ ಟೀಚರ್ ಕೇಳಿದಳು.

"ಯಾವಾಗಿಂದ ಬರುತ್ತೆ?"

"ಮೊದಲ ಪರೀಕ್ಷೆಯಿಂದಲೂ."

ಅವಳ ಮುಖ ಕೆಂಪಾಯಿತು. "ಈ ಕುರ್ಚೀಲಿ ಕೂತೋರು ಮಾಡೋ ತಪ್ಪನ್ನೆಲ್ಲ ನಾನು ನಂಬ್ತೀನಿ ಸರ್. ನಂಬದೆ ಈ ಕೆಲಸ ಆಗಲ್ಲ. ಚೂಟಿಗೆ ಏನಾದ್ರೂ ಆದ್ರೆ ಇವರ ಕೈಲಿ ಏನಾಗುತ್ತೆ ಅಂತ ನನಗೆ ಊಟ ಸೇರ್ತಿರಲಿಲ್ಲ."

"ಗೊತ್ತು. ದೊಡ್ಡ ತಪ್ಪು. ಅಕ್ಕ ಚೂಟೀನ ದೂರ ಕಳಿಸ್ತೀನಿ ಅಂತಿದಾಳೆ. ನನ್ನ ಬೈಕೊಳ್ಳಿ, ಆದ್ರೆ ಅಕ್ಕನಿಗೆ ನಿಜ ಹೇಳಿ."

ಅವಳು ಫೋನ್ ತೆಗೆದಳು. "ಅಮ್ಮಾ, ನಿಮ್ಮ ತಮ್ಮ ಪಾಸ್. ಇಲ್ಲ, ಅದೃಷ್ಟ ಅಲ್ಲ. ನಾನೂ ಇಷ್ಟು ಚೆನ್ನಾಗಿ ಮಾಡಲ್ಲ. ಮಗೂನ ಎಲ್ಲಿಗೂ ಕಳಿಸಬೇಡಿ."

ಕೊಳವೆಗಳನ್ನು ಜೋಡಿಸುತ್ತಿದ್ದ ಚೂಟಿ ಮಾವನ ಸೊಂಟಕ್ಕೆ ಜೋತುಬಿದ್ದಳು. ರೆಫ್ರಿಗೆ ಹೋದ ಜೀವ ಬಂದಂತಾಯಿತು. ಟೀಚರ್ ದೀಪ ಆರಿಸಿ ಕೋಣೆಗೆ ಬೀಗ ಹಾಕಿದಳು.

"ಇನ್ನು ನೀವು ಬರೋಕೆ ಕಾರಣ ಇಲ್ಲ," ಎಂದಳು, ಬೀಗವನ್ನೇ ನೋಡುತ್ತ.

"ಮುಂಚೆಯೂ ಇರಲಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ನೀವು ಕೈ ಎತ್ತಿದ್ರೆ ಅಷ್ಟು ಮಕ್ಕಳು ಉಸಿರಾಡ್ತಾವಲ್ಲ, ಅಂಥದ್ದು ನಾನು ಎಲ್ಲೂ ನೋಡಿಲ್ಲ. ನೀವಂದ್ರೆ ನನಗೆ ಪ್ರಾಣ."

ಕಾರಿಡಾರಿನಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅವಳು ಅದು ದಾಟುವವರೆಗೂ ಕಾದಳು.

"ಅದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಏನಂತಿದ್ರಿ?"

"ಆಗಲ್ಲ ಅಂತಿದ್ದೆ."

"ಈಗ?"

"ಈಗ ಕೋಪ ಬಂದಿದೆ. ಮೊದಲು ಅದು ಇಳೀಬೇಕು."

"ಎಷ್ಟು ಹೊತ್ತು ಬೇಕು?"

ಅವಳು ಚೂಟಿಯ ಒಂದು ಕೈ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಹಿಡಿಯುವಂತೆ ಅವನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು.

"ಇಲ್ಲಿಂದ ಬಸ್ ಸ್ಟಾಪ್ ತನಕ," ಎಂದಳು. "ನಿಧಾನಕ್ಕೆ ನಡೆದ್ರೆ."