ಎದುರುಗಾಳಿ

ಹೆಂಗಸು ಅಡುಗೆಮನೆಯ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ತಲೆಯ ಹಿಂಭಾಗ ಒಡೆದಿತ್ತು. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಗಾಗಿತ್ತು. ಅವಳ ಮೊಬೈಲ್ ಎಲ್ಲೂ ಇರಲಿಲ್ಲ.

ಹೆಣ ಮೊದಲು ಕಂಡವನು ಮನೆಯ ಡ್ರೈವರ್. ರಾತ್ರಿ ಎಂಟಕ್ಕೆ ಕಾರಿನ ಕೀ ಕೊಡಲು ಬಂದವನು, ಅವಳನ್ನು ಎತ್ತಲು ಹೋಗಿ ಅಂಗಿಯೆಲ್ಲ ರಕ್ತ ಮಾಡಿಕೊಂಡಿದ್ದ.

"ನಂಬಿ ಮೇಡಂ. ಬೆಳಿಗ್ಗೆ ಸಾಹೇಬ್ರನ್ನ ವಿಮಾನಕ್ಕೆ ಬಿಟ್ಟು ಬಂದವನು ನಾನೇ. ಅಮ್ಮಾವ್ರ ಮೇಲೆ ಕೈ ಮಾಡ್ತೀನಾ?"

ಇನ್‌ಸ್ಪೆಕ್ಟರ್ ಅವನ ಅಂಗಿ ನೋಡಿದಳು. ಎದೆಯವರೆಗೂ ರಕ್ತ. ಕೊಂದವನ ಅಂಗಿಗೂ ರಕ್ತ ಹತ್ತುತ್ತದೆ, ಎತ್ತಲು ಹೋದವನದಕ್ಕೂ.

ಸತ್ತವಳ ಮೈದುನ ಹಲ್ಲಿನ ಡಾಕ್ಟರ್. ಅಳೆದು ತೂಗಿ ಮಾತಾಡಿದ.

"ಏಳು ಗಂಟೆಗೆ ಇಲ್ಲೇ ಇದ್ದೆ. ಅಣ್ಣನ ಫೋನ್ ಬಂತು, ಇಳಿದೆ ಅಂತ. ಅತ್ತಿಗೆ ಮಾತಾಡ್ತಿದ್ರು. ನಾನು ಕೈ ಬೀಸಿ ಕ್ಲಿನಿಕ್ಕಿಗೆ ಹೊರಟೆ."

ಆಮೇಲೆ ಒಂಬತ್ತರವರೆಗೂ ಅವನ ಮುಂದೆ ಒಬ್ಬರಾದ ಮೇಲೊಬ್ಬರು ಬಾಯಿ ತೆರೆದು ಕೂತಿದ್ದರು. ಏಳಕ್ಕೆ ಅವಳು ಬದುಕಿದ್ದರೆ, ಉಳಿಯುವವನು ಡ್ರೈವರ್ ಒಬ್ಬನೇ. ಅವನನ್ನು ಲಾಕಪ್ಪಿಗೆ ಹಾಕಿದಳು.

ಗಂಡನನ್ನು ಕೇಳೋಣವೆಂದರೆ, ತಮ್ಮನಿಂದ ಸುದ್ದಿ ಮುಟ್ಟಿದ್ದೇ ತಡ, ಅವನು ಬಂದ ಕಾಲಲ್ಲೇ ವಾಪಸು ವಿಮಾನ ಹತ್ತಿದ್ದ. ಫೋನ್ ಬಂದ್. ಕಂಪನಿಯಿಂದ ಕರೆಗಳ ಪಟ್ಟಿ ಬರಲು ಎರಡು ದಿನ ಬೇಕಿತ್ತು.

* * *

"ಬೆಳಿಗ್ಗೆ ಕೋರ್ಟಿಗೆ ಹಾಜರುಪಡಿಸಿಬಿಡೋಣ," ಎಂದ ಹೆಡ್ ಕಾನ್‌ಸ್ಟೆಬಲ್. "ಇನ್ನೇನಿದೆ ಮೇಡಂ?"

ಡ್ರೈವರನ ಹೆಂಡತಿ ಠಾಣೆಯ ಮೆಟ್ಟಿಲು ಬಿಟ್ಟು ಕದಲಿರಲಿಲ್ಲ. ಇನ್‌ಸ್ಪೆಕ್ಟರ್ ಮೊಬೈಲಿನಲ್ಲಿ ಗಂಡ ಹತ್ತಿದ, ಇಳಿದ ಎರಡೂ ವಿಮಾನ ನಿಲ್ದಾಣಗಳ ಹೆಸರು ಹಾಕಿ ನೋಡಿದಳು. ದೂರ ಏಳೂವರೆ ಸಾವಿರ ಕಿಲೋಮೀಟರ್. ಪ್ರಯಾಣ ಒಂಬತ್ತು ಗಂಟೆ. ಇಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಟರೆ, ನಮ್ಮ ಗಡಿಯಾರದಲ್ಲಿ ಸಂಜೆ ಏಳಕ್ಕೆ ಅಲ್ಲಿ.

ಸರಿಯಾಗಿತ್ತು. ಸ್ವಲ್ಪ ಜಾಸ್ತಿಯೇ ಸರಿಯಾಗಿತ್ತು.

* * *

"ಅವರು ವಾಪಸು ಬರ್ತಿರೋ ವಿಮಾನ ಬೇಗ ಬರುತ್ತೆ ಮೇಡಂ," ಎಂದಳು ಬೆಳಗಿನ ಜಾವ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ. "ಎಂಟೇ ಗಂಟೆ. ಗಾಳಿ ಹಿಂದಿನಿಂದ ತಳ್ತಿದೆ."

"ಹೋಗುವಾಗ?"

"ಅದೇ ಗಾಳಿ ಎದುರಿಗೆ. ನಿನ್ನೆ ಹತ್ತೂವರೆ ಗಂಟೆ ಹಿಡೀತು."

ಇನ್‌ಸ್ಪೆಕ್ಟರ್ ಬೆರಳು ಮಡಿಸಿದಳು. ಇಳಿದದ್ದು ರಾತ್ರಿ ಎಂಟೂವರೆಗೆ. ಅಷ್ಟರಲ್ಲಿ ಇಲ್ಲಿ ಹೆಣ ಸಿಕ್ಕಿಯಾಗಿತ್ತು.

ಪ್ರಯಾಣಿಕರು ಹೊರಬರುವ ಬಾಗಿಲಲ್ಲಿ ಹಲ್ಲಿನ ಡಾಕ್ಟರ್ ಆಗಲೇ ನಿಂತಿದ್ದ.

"ಅಣ್ಣನ ಹತ್ರ ಮೊದಲು ನಾನೊಬ್ಬನೇ ಮಾತಾಡ್ಬೇಕು ಮೇಡಂ."

"ಏಳಕ್ಕೆ ಫೋನ್ ಮಾಡಿದ್ದೆ ಅಂತ ಒಪ್ಪಿಸೋಕಾ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಏಳು ಗಂಟೆಗೆ ನಿಮ್ಮಣ್ಣ ಇನ್ನೂ ಸಮುದ್ರದ ಮೇಲಿದ್ರು, ಡಾಕ್ಟ್ರೇ. ದೂರ ನೋಡಿ ಹೊತ್ತು ಲೆಕ್ಕ ಹಾಕಿದ್ರಿ. ಗಾಳಿಯನ್ನ ಬಿಟ್ರಿ. ಬರದೇ ಇದ್ದ ಫೋನಲ್ಲಿ ಅತ್ತಿಗೆ ಹೇಗೆ ಮಾತಾಡಿದ್ರು? ಅವರು ಏಳಕ್ಕೆ ಬದುಕಿದ್ರು ಅಂತ ತೋರಿಸೋ ಅಗತ್ಯ ಇದ್ದದ್ದು ಅದಕ್ಕೆ ಮುಂಚೆ ಕೊಂದವರಿಗೆ ಮಾತ್ರ."

ಅವನು ಬಾಗಿಲಿನತ್ತ ನೋಡಿ, ದನಿ ತಗ್ಗಿಸಿದ.

"ಕ್ಲಿನಿಕ್ಕಲ್ಲಿ ಒಂದು ಮಗು ಅರಿವಳಿಕೆಯಿಂದ ಏಳಲೇ ಇಲ್ಲ. ಮುಚ್ಚಿಹಾಕಿದ್ದೆ. ಅತ್ತಿಗೆಗೆ ಗೊತ್ತಾಯ್ತು. ನಿಮ್ಮಣ್ಣ ಇಳಿದು ಫೋನ್ ಮಾಡ್ಲಿ, ಹೇಳೇ ಹೇಳ್ತೀನಿ ಅಂದ್ರು. ಏಳಾಗ್ತಾ ಬಂದಿತ್ತು..."

"ಇನ್ನೂ ಒಂದೂವರೆ ಗಂಟೆ ಇತ್ತು," ಎಂದಳು ಇನ್‌ಸ್ಪೆಕ್ಟರ್.

ಅವನ ರಟ್ಟೆ ಹಿಡಿದುಕೊಂಡೇ ಠಾಣೆಗೆ ಫೋನ್ ಮಾಡಿದಳು. "ಡ್ರೈವರನ್ನ ಹೊರಗೆ ಬಿಡಿ. ಈಗಲೇ. ಹೆಂಡತಿ ಮೆಟ್ಟಿಲ ಮೇಲಿದ್ದಾಳೆ, ಕರೀರಿ."

ಬಾಗಿಲು ಸರಿಯಿತು. ಬರಿಗೈಯಲ್ಲಿ ಬಂದ ಅಣ್ಣ ಜನರ ನಡುವೆ ತಮ್ಮನನ್ನು ಕಂಡ. ಓಡಿ ಬಂದು, ಅವನ ಹೆಗಲಿಗೆ ತಲೆ ಇಟ್ಟು ಅಳತೊಡಗಿದ.

"ಯಾರೋ ಅದು? ಯಾರು ಮಾಡಿದ್ದೋ?"